ಎಣ್ಣೆ ಮರೆತ ಕಾಲು

ನೀರೆರೆಸಿಕೊಂಡ ಕೂಸು ಕಾಲ ಮೇಲೆಯೇ ನಿದ್ದೆ ಹೋದದ್ದನ್ನು ಕಂಡು ನೀಲಗಂಗವ್ವನಿಗೆ ಎಬ್ಬಿಸುವ ಮನಸ್ಸಾಗಲಿಲ್ಲ. ಬಚ್ಚಲಲ್ಲಿ ಕಾಲು ನೀಡಿಕೊಂಡು ಹಾಗೆಯೇ ಕೂತಳು.

ಅವಳ ಅಜ್ಜಿಯ ಕಾಲದವರು ಕೂದಲು ಉದುರಬಾರದೆಂದು ತಮ್ಮ ವಂಶವಾಹಿಯನ್ನೇ ತಿದ್ದಿಸಿಕೊಂಡಿದ್ದರು. ಕೂದಲೇನೋ ನಿಂತಿತು, ಈ ಮುಪ್ಪಿನಲ್ಲೂ ನೀಲಗಂಗವ್ವನ ಜಡೆ ಸೊಂಟ ಮುಟ್ಟುತ್ತಿತ್ತು. ಆದರೆ ಬೇರು ಹಿಡಿದ ಆ ಬಿಗಿ ಅವರ ಮೊಮ್ಮಕ್ಕಳ ಹೊತ್ತಿಗೆ ಚರ್ಮಕ್ಕೂ ಇಳಿದಿತ್ತು. ಬರಿಮೈಗೆ ಬರಿಮೈ ತುಸು ಹೊತ್ತು ತಾಗಿದರೆ ಸಾಕು, ಎರಡೂ ಕೂಡಿಕೊಳ್ಳುತ್ತಿದ್ದವು. ಅದಕ್ಕೇ ಮನೆಮನೆಯ ಬಾಗಿಲಲ್ಲೂ ಎಣ್ಣೆಯ ಗಿಂಡಿ. ಕೈ ಅದ್ದದೆ ಯಾರೂ ಯಾರನ್ನೂ ಮುಟ್ಟುತ್ತಿರಲಿಲ್ಲ.

ಸೊಸೆ ಸುವರ್ಣಾ ಒಣಬಟ್ಟೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ಅತ್ತಿ, ಕಡ್ಲಿಹಿಟ್ಟು ಹಚ್ಚಿ ತೊಳದ ಮ್ಯಾಲೆ ಕಾಲಿಗೆ ಮತ್ತ ಎಣ್ಣಿ ಸವರಿಕೊಂಡ್ರಿಲ್ಲ?"

ನೀಲಗಂಗವ್ವ ಮೆಲ್ಲಗೆ ಮೊಣಕಾಲು ಅಲುಗಿಸಿ ನೋಡಿದಳು. ಕೂಸಿನ ಬೆನ್ನು ಕಾಲಿಗೆ ಅಂಟಿಕೊಂಡೇ ಅಲುಗಿತು.

"ಯವ್ವಾ, ಅಂಟಿದ ಮೈ ಬಿಡಿಸೋ ಆಕಿನ್ನ ಕರಸು. ನನ್ನ ತೊಗಲು ಎಷ್ಟು ಬೇಕಾದ್ರೂ ಕೊಯ್ಕೊಳ್ಳಲಿ ಅನ್ನು."

ಸುವರ್ಣಾ ಒಳಗೆ ಓಡಿ ಮರಳಿ ಬಂದಳು. "ಫೋನ್ ಮಾಡೇನ್ರಿ, ಬರಾಕತ್ತಾಳ. ಅಲ್ಲೀತನಕ ಕೂಸು ಏಳಬಾರ್ದು. ಒದ್ದಾಡಿದ್ರ ಹರಿಯೂದು ಎಳೀ ಚರ್ಮಾನ ಅಲ್ಲೇನ್ರಿ."

ಕಾಲು ಜೋಮು ಹಿಡಿದರೂ ನೀಲಗಂಗವ್ವ ಮಿಸುಕಲಿಲ್ಲ. ಉಸಿರಿಗಿಂತ ಸಣ್ಣ ದನಿಯಲ್ಲಿ ಜೋಗುಳ ಹಾಡಿದಳು. ಸುವರ್ಣಾ ಬಟ್ಟೆ ಹಿಡಿದ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು, ಬೀದಿಯ ಕಡೆಗೇ ಕಿವಿಯಾಗಿ ನಿಂತಳು.

ಬೀದಿಯಲ್ಲಿ ಯಾರ ಹೆಜ್ಜೆಯೂ ಕೇಳಲಿಲ್ಲ. ಕೂಸು ಕಣ್ಣು ತೆರೆಯಿತು. ಬಾಗಿಲಲ್ಲಿದ್ದ ಅವ್ವನನ್ನು ಕಂಡು ಬೊಚ್ಚುಬಾಯಿ ಬಿಟ್ಟು ನಕ್ಕು, ಎತ್ತಿಕೋ ಎಂದು ಎರಡೂ ಕೈ ಚಾಚಿ, ಬೆನ್ನು ಎತ್ತತೊಡಗಿತು.