ಒಟ್ಟಿಗೆ ಓಡಿದ ಗೊಂಬೆಗಳು

ಮರುದಿನ ನ್ಯಾಯಾಲಯದಲ್ಲಿ ತೋರಿಸಬೇಕಿದ್ದ ಕೊಲೆಯ ದೃಶ್ಯ ಸರ್ಕಾರಿ ವಕೀಲೆಯ ಕಂಪ್ಯೂಟರಿನಲ್ಲಿ ಸಿದ್ಧವಾಗುತ್ತಿತ್ತು. ಬಡಿಗೆ ಹಿಡಿದ ನಾಲ್ಕು ಕೆಂಪು ಗೊಂಬೆಗಳು ಓಡಿಬಂದು, ಬಾಗಿಲಿಗೆ ಅಡ್ಡ ನಿಂತ ನೀಲಿ ಗೊಂಬೆಯ ತಲೆ ಒಡೆಯಬೇಕಿತ್ತು. ನೀಲಿ ಗೊಂಬೆ ಎಂದರೆ ಸತ್ತ ಯಮನಪ್ಪ. ಕೆಂಪು ಗೊಂಬೆಗಳು ಜೈಲಿನಲ್ಲಿದ್ದ ಅವನ ತಮ್ಮಂದಿರು. ಎಲ್ಲವನ್ನೂ ಕಣ್ಣಾರೆ ಕಂಡಿದ್ದ ಅವನ ಹೆಂಡತಿ ನೀಲವ್ವನನ್ನು, ದೃಶ್ಯ ಸರಿಯಿದೆಯೇ ನೋಡಲು ಕರೆಸಿದ್ದರು.

ಆಪರೇಟರ್ ಗುಂಡಿ ಒತ್ತಿದ. ಐದೂ ಗೊಂಬೆಗಳು ಒಟ್ಟಿಗೇ ಓಡಿ ಮನೆಯೊಳಗೆ ನುಗ್ಗಿದವು.

"ಈ ನೀಲಿಯವನೂ ಯಾಕ ಓಡ್ತಾನ?" ವಕೀಲೆ ರೇಗಿದರು.

"ಐದೂ ಒಂದ ಗ್ರೂಪ್ ಆಗ್ಯಾವ್ರೀ ಮೇಡಂ. ಬಿಡಿಸಿದ್ರ ಹಾಕಿದ ಅನಿಮೇಶನ್ ಎಲ್ಲಾ ಹೋಗ್ತದ. ಒಂದೊಂದಕ್ಕೂ ಮತ್ತ ಹಾಕಬೇಕು."

"ಹಾಕಪಾ. ಮಗಳನ್ನ ಉಳಿಸಾಕ ಹೋಗಿ ಜೀವಾ ಕೊಟ್ಟಾನ ಅಂವ. ಕೊಲೆಗಾರರ ಜೋಡಿ ಓಡಿಸ್ತೀ ಏನು?"

ಆಪರೇಟರ್ ಗುಂಪು ಬಿಡಿಸಲು ಹೊರಟಾಗ ನೀಲವ್ವ ಅವನ ಕೈಯನ್ನು ಬಿಗಿಯಾಗಿ ಹಿಡಿದಳು.

"ಬಿಡಿಸಬ್ಯಾಡೋ ಯಪ್ಪಾ. ಹಿಂಗ ಬಂದಿದ್ರು. ಮಗಳು ಬ್ಯಾರೆ ಜಾತಿಯವನ್ನ ಲಗ್ನಾ ಆದ್ಲು ಅಂತ ಆಕೀನ್ನ ಕೊಲ್ಲಾಕ ಐದೂ ಮಂದಿ ಕೂಡೇ ಬಂದಿದ್ರು. ಎಲ್ಲಾರಕಿಂತ ಮುಂದ ನನ್ನ ಗಂಡನ ಇದ್ದ."

ವಕೀಲೆ ಅವಳತ್ತ ತಿರುಗಿದರು. "ಮತ್ತ ಅವನ ತಲಿ ಒಡದವರು ಯಾರವ್ವಾ?"

"ಅಂವ ಒಳಗ ಕಾಲಿಡೂದ್ರಾಗ ನಾನ ಒನಕಿ ತಗೊಂಡು ಹೊಡದೆ. ಬಿದ್ದ ಮ್ಯಾಲೂ ಹೊಡದೆ."