ಕಿವಿಗೆ ಒಪ್ಪಿದ ಮಷೀನು

ಶ್ರೀಪತಿರಾಯರು ತಿರುಗುತ್ತಿದ್ದ ಗಿಳಿಹಸಿರು ಮಷೀನಿನ ತಲೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ಭರಮಣ್ಣನ ಅಂಗಡಿಯೇನು, ಇಡೀ ಹೊಸಪೇಟೆಯೇ ಉಸಿರು ಬಿಗಿಹಿಡಿಯಿತು. ಹೊರಗೆ ಅದಿರಿನ ಲಾರಿಗಳು ಮಾತ್ರ ನಿಲ್ಲಲಿಲ್ಲ. ಸಂಡೂರಿನ ಗುಡ್ಡಗಳೆಲ್ಲ ಲಾರಿ ಹತ್ತಿ ಚೀನಾಕ್ಕೆ ಹೊರಟಿದ್ದ ಕಾಲ ಅದು. ಒಂದು ನೊಣ ರಸ್ತೆ ದಾಟಬೇಕೆಂದರೂ ಅರ್ಧ ದಿನ ಕಾಯಬೇಕಿತ್ತು.

ಕಬ್ಬಿಣವನ್ನು ಬೆಣ್ಣೆಯಂತೆ ಹೆರೆಯುವ, ಆದರೂ ಮೇಜಿನ ಮೇಲೆ ಹಿಡಿಸುವ ಮಿಲ್ಲಿಂಗ್ ಮಷೀನೊಂದನ್ನು ಆರಿಸಲು ರಾಯರು ಏಳು ತಿಂಗಳು ತೆಗೆದುಕೊಂಡಿದ್ದರು. ಹೆಣ್ಣು ಆರಿಸಲು ಅವರಿಗೆ ಅರ್ಧ ಗಂಟೆ ಸಾಕಾಗಿತ್ತು. ಸಂಡೂರಿನ ಗಣಿಯೊಂದರ ವರ್ಕ್‌ಶಾಪಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತರಾದ ಮರುದಿನವೇ ಹಿತ್ತಲಿನ ಸೌದೆ ಕೋಣೆ ಖಾಲಿಯಾಗಿತ್ತು. ಅಲ್ಲೊಂದು ಮಷೀನು ಕೂತರೆ ಡ್ಯಾಮಿನ ಮೂವತ್ಮೂರು ಗೇಟುಗಳಿಗೂ ಹಲ್ಲುಚಕ್ರ ಕೊರೆದು ಕೊಡುವೆನೆಂದು ಓಣಿಗೆಲ್ಲ ಸಾರಿದ್ದರು. ಆದರೆ ಬಳ್ಳಾರಿಯಲ್ಲಿ ನೋಡಿದ್ದು ನಡುಗುತ್ತಿತ್ತು, ಹುಬ್ಬಳ್ಳಿಯದು ಕೆಮ್ಮುತ್ತಿತ್ತು. ಗಣಿಯಲ್ಲಿ ಬಿಟ್ಟುಬಂದ ಬೂದುಬಣ್ಣದ ಹಳೆ ಮಷೀನನ್ನು ನೆನೆದು ರಾಯರು ಊಟಕ್ಕೊಮ್ಮೆ ನಿಟ್ಟುಸಿರು ಬಿಡುತ್ತಿದ್ದರು.

ಈಗ ಕಣ್ಣು ತೆರೆದವರೇ ಮಷೀನು ನಿಲ್ಲಿಸಿ ಹೆಂಡತಿಗೆ ತೀರ್ಪು ಕೊಟ್ಟರು. "ಗೋದಾ, ಚೀಲ ಬಿಚ್ಚು. ನಮ್ಮ ಗಣಿ ಮಷೀನು ಇದರ ಮುಂದ ಚಕ್ಕಡಿ ಗಾಡಿ. ಈ ಕಿವಿ ಮೋಸ ಹೋದ್ರ ಕೊಯ್ದು ಭರಮಣ್ಣನ ಕೈಯಾಗ ಇಡ್ತೀನಿ."

"ನಿನ್ನೆ ರಾಜಕೋಟದಿಂದ ಇಳದೈತ್ರಿ ಸ್ವಾಮಿ, ಗಾಳಿ ಸೈತ ತಾಗಿಲ್ಲ" ಎಂದ ಭರಮಣ್ಣ.

ನಿವೃತ್ತಿಯ ಹಣವೆಲ್ಲ ಇದ್ದ ಚೀಲವನ್ನು ಗೋದಾಬಾಯಿ ಬಿಚ್ಚಲಿಲ್ಲ. ಕುಂಕುಮ ಬಣ್ಣದ ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಷೀನಿನ ಹಾಸಿನ ಕಬ್ಬಿಣ ಹಲಗೆಗೆ ಬಳಿದಿದ್ದ ಗ್ರೀಸನ್ನು ನೋಡಿ ಮುಖ ಕಿವುಚಿದರು. ಹೊಸ ಮಷೀನು ಹಾಗೇ ಬರುತ್ತದೆಂದು ಭರಮಣ್ಣ ಎಷ್ಟು ಹೇಳಿದರೂ ಕೇಳದೆ, ಈ ಜಿಡ್ಡು ತನ್ನ ಮನೆ ಹೊಸ್ತಿಲು ದಾಟುವುದಿಲ್ಲವೆಂದು ಬಟ್ಟೆ ಹಿಡಿದು ಒರೆಸತೊಡಗಿದರು. ಹಾಸಿನ ಸಂದಿಯಲ್ಲಿ ಉಗುರು ಎಳೆದರು. ಉಗುರು ಕೆಂಪಾಯಿತು. ಊದಿದರು. ಹಾರಲಿಲ್ಲ.

"ನಿನ್ನಿ ಧೂಳಾದ್ರ ಊದಿದ್ರ ಹಾರ್ತದ ಭರಮಣ್ಣ. ಇದು ಹಂಗಲ್ಲ. ಇವರ ಅಂಗಿ ಕಾಲರಿನ್ಯಾಗ ಈ ಗಣಿ ಕೆಂಪು ಧೂಳನ್ನ ಇಪ್ಪತ್ತೆಂಟು ವರ್ಷ ತಿಕ್ಕೀನಿ."

ರಾಯರು ನಗಲು ಬಾಯಿ ತೆರೆದರು. ಅಷ್ಟರಲ್ಲಿ ಗ್ರೀಸಿನ ಅಡಿಯಿಂದ ಅರ್ಧಚಂದ್ರನಂಥ ಒಂದು ಗುಳಿ ಕಾಣಿಸಿಕೊಂಡಿತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಲೋಹ ಕೊರೆಯುವ ಕಟ್ಟರ್ ಜಾರಿಸಿ ಗಣಿ ಮಷೀನಿನ ಹಾಸನ್ನೇ ಕಚ್ಚಿಸಿ, ಅವತ್ತು ಊಟ ಬಿಟ್ಟು ಮಲಗಿ, ಯಾರಿಗೂ ಹೇಳಬೇಡವೆಂದು ಹೆಂಡತಿಯಿಂದ ಆಣೆ ಹಾಕಿಸಿಕೊಂಡಿದ್ದರು ರಾಯರು. ಈಗ ಅವರ ಹೆಬ್ಬೆರಳು ತಾನಾಗಿಯೇ ಹೋಗಿ ಆ ಗುಳಿಯಲ್ಲಿ ಕೂತಿತು. ತೊಟ್ಟಿಲಲ್ಲಿ ಕೂತಂತೆ ಕೂತಿತು. ಗೋದಾಬಾಯಿ ಆಣೆ ಮುರಿಯಲಿಲ್ಲ. ಗಂಡನ ಬೆರಳನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರು, ಅಷ್ಟೇ.

ಗಣಿಯವರು ಗುಜರಿಗೆ ಹಾಕಿದ್ದನ್ನು ತಂದು ಬಣ್ಣ ಬಳಿದೆನೆಂದು ಭರಮಣ್ಣ ನೆಲ ನೋಡುತ್ತ ಒಪ್ಪಿಕೊಂಡ. ಬೇರೆ ಮಷೀನಾಗಿದ್ದರೆ ರಾಯರು ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಅವರ ಹೆಬ್ಬೆರಳು ಮಾತ್ರ ಗುಳಿ ಬಿಟ್ಟು ಏಳಲೇ ಇಲ್ಲ. ಅದನ್ನು ಕಂಡ ಗೋದಾಬಾಯಿ, ಗುಜರಿ ಬೆಲೆಗೆ ಕೊಡುವುದಾದರೆ ಚೀಲ ಬಿಚ್ಚುವೆನೆಂದರು. ಬಿಚ್ಚಿದರು.

ಟಂಟಂ ಆಟೊದಲ್ಲಿ ಗಂಡ ಹೆಂಡಿರ ನಡುವೆ ಮಷೀನು ಕೂತಿತ್ತು. ರಾಯರು ಕೊನೆಗೆ ಬಾಯಿ ಬಿಟ್ಟರು. "ದಿನಾ ನೋಡಿದ್ದು. ಒಂದು ಬಣ್ಣ ಬಳದ ಕೂಡ್ಲೆ ನನಗ ಗುರ್ತು ಹ್ಯಾಂಗ ಸಿಗಲಿಲ್ಲ?"

"ನಿಮ್ಮ ಕಿವಿದೇನೂ ತಪ್ಪಿಲ್ಲ. ಗುರ್ತಿನ ದನಿ ಅಂತ ಒಪ್ಪಿಕೊಂಡದ, ಕಣ್ಣಿಗೆ ಹೇಳಿಲ್ಲ ಅಷ್ಟೇ" ಎಂದರು ಗೋದಾಬಾಯಿ. ಸೆರಗು ಬಿಗಿದುಕೊಂಡು, "ಮುಂಜಾನಿಂದ ನಿಮ್ಮ ಮುಂದನ ಓಡಾಡ್ಲಿಕ್ಕತ್ತೀನಿ. ನಾನುಟ್ಟ ಸೀರಿ ಹಳೇದೋ ಹೊಸಾದೋ? ಈ ಕಡೆ ತಿರುಗದ ಹೇಳ್ರಿ" ಎಂದರು.

ರಾಯರು ಮುಂದಿನ ಲಾರಿಯ ಬೆನ್ನ ಮೇಲೆ ಬರೆದಿದ್ದನ್ನು ಬಲು ಶ್ರದ್ಧೆಯಿಂದ ಓದತೊಡಗಿದರು.