ಕೆಡವಿದ ಸೇತುವೆ

ರಕ್ತದೊತ್ತಡ ಇಳಿಯಲಿ ಎಂದು ಡಾಕ್ಟರು ಆ ಸರ್ಕಾರಿ ಇಂಜಿನಿಯರಿಗೆ ಊರು ಕಟ್ಟುವ ವಿಡಿಯೋ ಗೇಮ್ ಆಡಲು ಹೇಳಿದ್ದರು. ಅದರಲ್ಲಿ ಗುಂಡು ಹಾರುವುದಿಲ್ಲ, ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ರಸ್ತೆ ಎಳೆದು, ಗಿಡ ನೆಟ್ಟು, ಮನೆಗಳಲ್ಲಿ ಒಂದೊಂದೇ ದೀಪ ಹತ್ತುವುದನ್ನು ನೋಡುತ್ತಾ ಕೂರುವುದಷ್ಟೇ ಕೆಲಸ.

ತಿಂಗಳು ಬಿಟ್ಟು ನೋಡಿದರೆ ಬಿಪಿ ಇನ್ನೂ ಮೇಲೇರಿತ್ತು.

"ಮೊದಮೊದಲು ಚೆನ್ನಾಗೇ ಇತ್ತು ಡಾಕ್ಟ್ರೇ," ಎಂದರು ಜೊತೆಗೆ ಬಂದಿದ್ದ ಹೆಂಡತಿ. "ಕೆರೆ ಏರಿ ಮೇಲೆ ಗಿಡ ನೆಡ್ತಾ ಕೂತ್ರೆ ನಾನು ಬೈದಿದ್ದೂ ಇವರಿಗೆ ಕೇಳಿಸ್ತಿರ್ಲಿಲ್ಲ. ಮೊನ್ನೆ ಹೊಳೆ ಮೇಲೊಂದು ಸೇತುವೆ ಕಟ್ಟಿದ್ರು. ಎಷ್ಟು ಲಕ್ಷಣವಾಗಿತ್ತು ಅಂತೀರಿ. ಐದು ನಿಮಿಷ ಆಗಿಲ್ಲ, ಮೈಯೆಲ್ಲ ಬೆವೆತು ತಾವೇ ಕೆಡವಿ ಹಾಕಿದ್ರು."

ಡಾಕ್ಟರು ಇಂಜಿನಿಯರ ಕಡೆ ತಿರುಗಿದರು. "ಯಾಕ್ರೀ, ಬಿರುಕು ಬಿಡ್ತಾ?"

"ಬಿರುಕು ಬಿಡೋಕೆ ಅದೇನು ನಮ್ಮಾಫೀಸಿಂದಾ ಸಾರ್?"

"ಮತ್ತೆ ಪ್ರವಾಹ ಬಂತಾ?"

"ಹೊಳೇಲಿ ಮಂಡಿಯುದ್ದ ನೀರೂ ಇರ್ಲಿಲ್ಲ."

"ನೋಡಿ, ಹೀಗೇ ಆದ್ರೆ ನಿಮ್ಮನ್ನ ಅಡ್ಮಿಟ್ ಮಾಡ್ಬೇಕಾಗುತ್ತೆ. ನನ್ನ ಹತ್ರ ಮುಚ್ಚಿಡ್ಬೇಡಿ. ಗಟ್ಟಿಮುಟ್ಟಾಗಿದ್ದ ಸೇತುವೆ ಯಾಕೆ ಕೆಡವಿದ್ರಿ?"

ಇಂಜಿನಿಯರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಮಂತ್ರಿಗಳು ಬಂದು ಟೇಪ್ ಕತ್ತರಿಸೋಕೆ ಮುಂಚೇನೇ ಜನ ಅದರ ಮೇಲೆ ಓಡಾಡೋಕೆ ಶುರು ಮಾಡಿಬಿಟ್ರು ಸಾರ್."